400 ಅಡಿಯ ಕೆಳಗಿನ ಆಕಾಶ: ಡ್ರೋನ್, ಹೆಲಿಕಾಪ್ಟರ್ ಮತ್ತು ಏರ್ ಟ್ಯಾಕ್ಸಿಗಳಲ್ಲಿ ಯಾರು ಯಾರಿಗೆ ದಾರಿ ಬಿಡಬೇಕು?

ಹೆಬ್ಬಾಳದ ಓದುಗ (ಚರ್ಚೆಯ ಆರಂಭ)

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ಯಲಹಂಕದ ವಾಯುಸೇನಾ ನೆಲೆ, ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಮತ್ತು ಎಚ್‌ಎಎಲ್ ವಿಮಾನ ನಿಲ್ದಾಣ ಈ ನಾಲ್ಕೂ ಹೆಚ್ಚುಕಡಿಮೆ 30 ಕಿಲೋಮೀಟರ್ ಉದ್ದದ ಒಂದೇ ಪಟ್ಟಿಯೊಳಗೆ ಬರುತ್ತವೆ. ಪ್ರಯಾಣಿಕರ ವಿಮಾನ, ಯುದ್ಧವಿಮಾನ, ತರಬೇತಿ ವಿಮಾನ, ಪರೀಕ್ಷಾ ಹಾರಾಟದ ಹೆಲಿಕಾಪ್ಟರ್ ಎಲ್ಲವೂ ಈಗಾಗಲೇ ಹಂಚಿಕೊಂಡಿರುವ ಈ ಆಕಾಶಕ್ಕೆ ಇನ್ನು ಸರಕು ಸಾಗಿಸುವ ಡ್ರೋನ್‌ಗಳೂ, ಅವುಗಳ ಹಿಂದೆಯೇ ಏರ್ ಟ್ಯಾಕ್ಸಿಗಳೂ ಬರಲಿವೆ ಎಂದು ಹೇಳಲಾಗುತ್ತಿದೆ. ಡ್ರೋನ್ ಬೇಕೇ ಬೇಡವೇ ಎಂಬ ಚರ್ಚೆಯನ್ನು ನಾನು ಮತ್ತೆ ತೆರೆಯುತ್ತಿಲ್ಲ. ನನ್ನ ಪ್ರಶ್ನೆ ಅದಕ್ಕಿಂತ ಕಿರಿದು: ಇವೆಲ್ಲವೂ ಒಂದೇ ಎತ್ತರದಲ್ಲಿ ಎದುರಾದಾಗ ಒಬ್ಬರಿಗೊಬ್ಬರು ಕಾಣಿಸಿಕೊಳ್ಳುವ ಹೊಣೆಯನ್ನು ಯಾರು ಹೊರಬೇಕು?

ನಮ್ಮಲ್ಲಿ 2021ರ ಆಗಸ್ಟ್ 25ರಂದು ಜಾರಿಗೆ ಬಂದ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ವಲಯಗಳಾಗಿ ವಿಂಗಡಿಸಿವೆ. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಲು ಪೂರ್ವಾನುಮತಿ ಬೇಕಿಲ್ಲ. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರ್ ದೂರದ ಪ್ರದೇಶದಲ್ಲಿ ಆ ಮಿತಿ 200 ಅಡಿಗೆ ಇಳಿಯುತ್ತದೆ. ಹಳದಿ ವಲಯಕ್ಕೆ ವಾಯುಸಂಚಾರ ನಿಯಂತ್ರಣದ ಅನುಮತಿ ಬೇಕು, ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಇದರ ಜೊತೆಗೆ, ಮಾನವರಿರುವ ಯಾವುದೇ ವಿಮಾನಕ್ಕೆ ಡ್ರೋನ್ ದಾರಿ ಬಿಡಲೇಬೇಕು ಎಂಬ ಸ್ಪಷ್ಟ ನಿಯಮವೂ ಇದೆ.

ಹಾರಿಸುವವನ ಕಣ್ಣೆದುರು ಹಾರುವ ಡ್ರೋನ್‌ಗೆ ಇದನ್ನು ಪಾಲಿಸುವುದು ಸುಲಭ, ಏಕೆಂದರೆ ಹೆಲಿಕಾಪ್ಟರಿನ ಸದ್ದು ಕೇಳಿದೊಡನೆ ಅವನು ಅದನ್ನು ಕೆಳಗಿಳಿಸಬಲ್ಲ. 2021ರ ಜೂನ್‌ನಲ್ಲಿ ಗೌರಿಬಿದನೂರಿನಲ್ಲಿ ಔಷಧ ಸಾಗಣೆಗಾಗಿ ನಡೆದ ಪ್ರಯೋಗದಂತೆ ಕಣ್ಣಳತೆಯನ್ನು ಮೀರಿ ಹಾರುವ ಡ್ರೋನ್‌ಗೆ ಆ ಕಿವಿಯೂ ಇಲ್ಲ, ಕಣ್ಣೂ ಇಲ್ಲ. ಕಾಣದಿರುವುದಕ್ಕೆ ದಾರಿ ಬಿಡುವುದಾದರೂ ಹೇಗೆ? ಈ ಕ್ಷೇತ್ರದಲ್ಲಿ ದುಡಿದವರು ಉತ್ತರಿಸಬೇಕೆಂದು ಕೋರುತ್ತೇನೆ. ಬಂದ ಉತ್ತರಗಳನ್ನು ಆಧರಿಸಿ ಸಚಿವಾಲಯಕ್ಕೊಂದು ಟಿಪ್ಪಣಿ ಕಳುಹಿಸಬೇಕೆಂದಿದ್ದೇನೆ.

ಗೋಪುರ (ನಿವೃತ್ತ ವಾಯುಸಂಚಾರ ನಿಯಂತ್ರಕ)

ಕಾಣುವುದು, ಕಾಣದಿರುವುದು ಎರಡನೆಯ ಮಾತು. ಅದಕ್ಕೂ ಮೊದಲು, "ಒಂದೇ ಎತ್ತರ" ಎಂದು ತಾವು ಬರೆದಿರುವುದು ಎಷ್ಟು ಎತ್ತರ ಎಂಬುದೇ ಇತ್ಯರ್ಥವಾಗಬೇಕು. ಹೊರಗಿನವರ ಗಮನಕ್ಕೆ ಸಾಮಾನ್ಯವಾಗಿ ಬಾರದ ಸಂಗತಿಯಾದ್ದರಿಂದ ತುಸು ವಿಸ್ತರಿಸಿ ಹೇಳುತ್ತೇನೆ.

ವಿಮಾನ ಮತ್ತು ಹೆಲಿಕಾಪ್ಟರ್‌ಗಳ ಎತ್ತರಮಾಪಕವು ಗಾಳಿಯ ಒತ್ತಡವನ್ನು ಅಳೆದು ಅದನ್ನು ಅಡಿಗಳಲ್ಲಿ ತೋರಿಸುತ್ತದೆ. ಪೈಲಟ್ ಸ್ಥಳೀಯ ಒತ್ತಡದ ಅಂಕಿಯನ್ನು ನಮ್ಮಿಂದ ಕೇಳಿ ಮಾಪಕಕ್ಕೆ ಕೂರಿಸಿಕೊಂಡರೆ, ಅದು ಸಮುದ್ರಮಟ್ಟದಿಂದ ಇರುವ ಎತ್ತರವನ್ನು ತೋರಿಸುತ್ತದೆ. ಅಂಕಿಯಲ್ಲಿ ಒಂದು ಹೆಕ್ಟೋಪ್ಯಾಸ್ಕಲ್ ತಪ್ಪಾದರೆ ಎತ್ತರದಲ್ಲಿ ಹೆಚ್ಚುಕಡಿಮೆ 30 ಅಡಿ ತಪ್ಪಾಗುತ್ತದೆ. ಡ್ರೋನ್ ಸಾಮಾನ್ಯವಾಗಿ ತಾನು ಮೇಲೆದ್ದ ಜಾಗವನ್ನು ಸೊನ್ನೆಯೆಂದು ಹಿಡಿದು ಲೆಕ್ಕ ಹಾಕುತ್ತದೆ. 1,478 ಮೀಟರ್ ಎತ್ತರದ ನಂದಿಬೆಟ್ಟದ ನೆತ್ತಿಯಿಂದ ಎದ್ದ ಡ್ರೋನ್ ಅದೇ ಮಟ್ಟದಲ್ಲಿ ಬಯಲಿನ ಕಡೆಗೆ ಸಾಗಿದರೆ, ಅದರ ಪರದೆಯ ಮೇಲೆ 120 ಮೀಟರ್ ಎಂದೇ ಇರುತ್ತದೆ, ಆದರೆ ಕೆಳಗಿನ ಹೊಲದಿಂದ ಅದು 500 ಮೀಟರಿಗೂ ಹೆಚ್ಚು ಮೇಲಿರುತ್ತದೆ.

ಮೂರನೆಯದು ಉಪಗ್ರಹ ಸಂಚರಣೆಯಿಂದ ಸಿಗುವ ಎತ್ತರ. ಅದು ಸಮುದ್ರಮಟ್ಟದಿಂದ ಅಳೆದದ್ದಲ್ಲ, ಭೂಮಿಯ ಗಣಿತೀಯ ಮಾದರಿಯೊಂದರ ಮೇಲ್ಮೈಯಿಂದ ಅಳೆದದ್ದು. ಜಗತ್ತಿನ ಬಹುಪಾಲು ಕಡೆ ಇವೆರಡರ ವ್ಯತ್ಯಾಸ ಕೆಲವೇ ಹತ್ತು ಮೀಟರುಗಳಷ್ಟಿರುತ್ತದೆ. ದಕ್ಷಿಣ ಭಾರತದ ಸಂಗತಿ ಬೇರೆ, ಏಕೆಂದರೆ ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವಬಲ ಕಡಿಮೆಯಿರುವ ದೊಡ್ಡ ತಗ್ಗೊಂದಿದ್ದು, ಅಲ್ಲಿ ಸರಾಸರಿ ಸಮುದ್ರಮಟ್ಟವು ಆ ಮಾದರಿಗಿಂತ ನೂರು ಮೀಟರಿಗೂ ಕೆಳಗಿದೆ. ಅದರ ಪ್ರಭಾವದಿಂದ ಬೆಂಗಳೂರಿನಲ್ಲಿಯೂ ವ್ಯತ್ಯಾಸ 80 ಮೀಟರ್ ದಾಟುತ್ತದೆ. ಎಂದರೆ, ತಿದ್ದುಪಡಿ ಮಾಡದ ಉಪಗ್ರಹ ಎತ್ತರವನ್ನು ಒಬ್ಬರೂ ಒತ್ತಡದ ಎತ್ತರವನ್ನು ಇನ್ನೊಬ್ಬರೂ ಕಳುಹಿಸಿದರೆ, ಅಕ್ಕಪಕ್ಕದಲ್ಲೇ ಇರುವ ಎರಡು ವಾಹನಗಳ ನಡುವೆ 250 ಅಡಿಗೂ ಹೆಚ್ಚಿನ ಅಂತರವಿದೆಯೆಂದು ವ್ಯವಸ್ಥೆ ನಂಬುತ್ತದೆ. ಇಡೀ ಡ್ರೋನ್ ಪದರವೇ 400 ಅಡಿಯದ್ದಾಗಿರುವಾಗ ಇದನ್ನು ಸಣ್ಣ ದೋಷವೆನ್ನಲಾಗದು. ಯಾವ ಎತ್ತರವನ್ನು ಯಾವ ಆಧಾರದಿಂದ ಅಳೆದು ಕಳುಹಿಸಬೇಕು ಎಂಬ ಒಂದು ಸಾಲಿನ ನಿಯಮವು ಉಳಿದ ಎಲ್ಲ ತಂತ್ರಜ್ಞಾನಕ್ಕಿಂತ ಮೊದಲು ಬರಬೇಕು ಎಂಬುದು ನನ್ನ ನಿಲುವು.

ತಿರುಗುರೆಕ್ಕೆ (ಹೆಲಿಕಾಪ್ಟರ್ ಪೈಲಟ್)

ಗೋಪುರ ಸರ್ ಹೇಳಿದ್ದನ್ನು ಒಪ್ಪುತ್ತಾ, ಕಾಕ್‌ಪಿಟ್ ಕಡೆಯಿಂದ ಮೂಲ ಪ್ರಶ್ನೆಗೆ ಬರುತ್ತೇನೆ.

ಅಂತರರಾಷ್ಟ್ರೀಯ ನಿಯಮದಂತೆ ಜನವಸತಿಯ ಮೇಲೆ ಹಾರುವ ವಿಮಾನ ಅಲ್ಲಿನ ಅತಿ ಎತ್ತರದ ಅಡೆತಡೆಗಿಂತ 1,000 ಅಡಿ ಮೇಲಿರಬೇಕು, ಉಳಿದೆಡೆ 500 ಅಡಿ ಮೇಲಿರಬೇಕು. ಡ್ರೋನ್‌ಗೆ 400 ಅಡಿ ಗರಿಷ್ಠ, ನಮಗೆ 500 ಅಡಿ ಕನಿಷ್ಠ, ನಡುವೆ 100 ಅಡಿ ಖಾಲಿ ಎಂಬುದು ಕಾಗದದ ಮೇಲೆ ಅಂದವಾಗಿಯೇ ಕಾಣುತ್ತದೆ. ಆದರೆ ಏರುವಾಗ ಮತ್ತು ಇಳಿಯುವಾಗ ಈ ಕನಿಷ್ಠ ಮಿತಿ ಅನ್ವಯಿಸುವುದಿಲ್ಲ. ಅಪಘಾತದ ಗಾಯಾಳುವನ್ನು ಕರೆತರಲು ಹೆದ್ದಾರಿಯ ಪಕ್ಕದ ಮೈದಾನಕ್ಕೆ ಇಳಿಯುವ ಹೆಲಿಕಾಪ್ಟರ್ ಡ್ರೋನ್ ಪದರವನ್ನು ಎರಡು ಬಾರಿ ಸೀಳಿಕೊಂಡು ಹೋಗಲೇಬೇಕು, ಮತ್ತು ಆ ಮೈದಾನ ಯಾವುದೆಂದು ಅರ್ಧ ಗಂಟೆ ಮೊದಲು ನಮಗೂ ಗೊತ್ತಿರುವುದಿಲ್ಲ.

ಕಣ್ಣಿಟ್ಟು ನೋಡಿ ತಪ್ಪಿಸಿಕೊಳ್ಳಿ ಎಂದು ಹೇಳುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಎದುರಿನ ವಸ್ತುವನ್ನು ಗುರುತಿಸಿ, ಘರ್ಷಣೆಯ ದಾರಿಯಲ್ಲಿದೆಯೆಂದು ನಿರ್ಧರಿಸಿ, ಕೈ ಆಡಿಸಿ, ವಿಮಾನ ತಿರುಗುವಷ್ಟರಲ್ಲಿ ಸುಮಾರು 12.5 ಸೆಕೆಂಡು ಬೇಕೆಂದು ಅಮೆರಿಕದ ವಿಮಾನಯಾನ ಆಡಳಿತವಾದ ಎಫ್‌ಎಎ ಪೈಲಟ್‌ಗಳಿಗೆ ಹೇಳುತ್ತದೆ. 120 ನಾಟ್ ವೇಗದಲ್ಲಿ ಅಷ್ಟು ಹೊತ್ತಿಗೆ ಹೆಲಿಕಾಪ್ಟರ್ 770 ಮೀಟರ್ ಸಾಗಿರುತ್ತದೆ. ಮುಕ್ಕಾಲು ಕಿಲೋಮೀಟರ್ ದೂರದಲ್ಲಿ, ಕಟ್ಟಡಗಳ ಹಿನ್ನೆಲೆಯಲ್ಲಿ, ಎರಡಡಿ ಅಗಲದ ಬೂದುಬಣ್ಣದ ವಸ್ತುವನ್ನು ಗುರುತಿಸುವ ಕಣ್ಣು ಯಾರಿಗಿದೆಯೋ ನನಗೆ ಗೊತ್ತಿಲ್ಲ.

2025ರ ಜನವರಿ 9ರಂದು ಲಾಸ್ ಏಂಜಲೀಸ್‌ನ ಪ್ಯಾಲಿಸೇಡ್ಸ್ ಕಾಳ್ಗಿಚ್ಚನ್ನು ಆರಿಸಲು ನೀರು ಸುರಿಯುತ್ತಿದ್ದ ಕ್ವಿಬೆಕ್‌ನ ಅಗ್ನಿಶಾಮಕ ವಿಮಾನಕ್ಕೆ ಹವ್ಯಾಸಿಯೊಬ್ಬರ ಡ್ರೋನ್ ಬಡಿದು ರೆಕ್ಕೆಯಲ್ಲಿ ತೂತಾಯಿತು. ವಿಮಾನ ಸುರಕ್ಷಿತವಾಗಿ ಇಳಿಯಿತಾದರೂ, ಬೆಂಕಿ ಉರಿಯುತ್ತಿರುವಾಗಲೇ ಅದನ್ನು ದುರಸ್ತಿಗೆ ನಿಲ್ಲಿಸಬೇಕಾಯಿತು. ಆ ಡ್ರೋನ್ 250 ಗ್ರಾಂ ವರ್ಗದೊಳಗಿನದು. ನಮ್ಮ ನಿಯಮದಲ್ಲಿ ಆ ವರ್ಗಕ್ಕೆ ನ್ಯಾನೋ ಎಂದು ಹೆಸರು. ಅದನ್ನು ಹಾರಿಸಲು ಪೈಲಟ್ ಪ್ರಮಾಣಪತ್ರವೂ ಬೇಕಿಲ್ಲ.

ಇಷ್ಟೆಲ್ಲ ಇರುವಾಗ, ಎಫ್‌ಎಎ 2025ರ ಆಗಸ್ಟ್‌ನಲ್ಲಿ ಹೊರಡಿಸಿದ ಕರಡು ನಿಯಮವು, ತನ್ನ ಸ್ಥಾನವನ್ನು ರೇಡಿಯೊ ಮೂಲಕ ಪ್ರಸಾರ ಮಾಡದ ವಿಮಾನಕ್ಕಿಂತ ಕಣ್ಣಳತೆ ಮೀರಿ ಹಾರುವ ಡ್ರೋನ್‌ಗೆ ಹಲವೆಡೆ ದಾರಿಯ ಹಕ್ಕನ್ನು ಕೊಡಲು ಹೊರಟಿದೆ. ಜೀವವಿರುವ ಕಡೆ ಹಕ್ಕು, ಜೀವವಿಲ್ಲದ ಕಡೆ ಹೊಣೆ ಎಂಬುದು ಇಷ್ಟು ದಿನದ ಕ್ರಮ. ಅದನ್ನು ತಿರುಗುಮುರುಗು ಮಾಡುವುದನ್ನು ನಾನು ಒಪ್ಪಲಾರೆ.

ಬಯಲುಸೀಮೆ ಸಿಂಪಡಣೆ (ರಾಯಚೂರು ಜಿಲ್ಲೆ)

ತಮ್ಮೆಲ್ಲರ ಚರ್ಚೆ ಬೆಂಗಳೂರಿನ ಸುತ್ತ ನಡೆಯುತ್ತಿದೆ. ನಮ್ಮ ಭಾಗದಲ್ಲಿ ಭತ್ತ, ಹತ್ತಿ, ತೊಗರಿಗೆ ಔಷಧ ಹೊಡೆಯುವ ಡ್ರೋನ್ ಬೆಳೆಯ ಮೇಲೆ ಎರಡು-ಮೂರು ಮೀಟರ್ ಎತ್ತರದಲ್ಲಿ ಹಾರುತ್ತದೆ. ಹತ್ತು ಲೀಟರ್ ಟ್ಯಾಂಕು ತುಂಬಿದ ಮೇಲೂ 25 ಕಿಲೋ ಒಳಗಿನ ಸಣ್ಣ ವರ್ಗದ ಯಂತ್ರವದು. ಬದುವಿನ ಮೇಲೆ ನಿಂತವರ ಕಣ್ಣಿನಿಂದ ಮರೆಯಾಗುವ ಮಾತೇ ಇಲ್ಲ. 15,000 ಸ್ವಸಹಾಯ ಸಂಘಗಳ ಮಹಿಳೆಯರಿಗೆ ಡ್ರೋನ್ ಕೊಡಿಸುವ ನಮೋ ಡ್ರೋನ್ ದೀದಿ ಯೋಜನೆಗೆ 2023ರ ನವೆಂಬರ್‌ನಲ್ಲಿ ಕೇಂದ್ರವು 1,261 ಕೋಟಿ ರೂಪಾಯಿಗಳ ಒಪ್ಪಿಗೆ ಕೊಟ್ಟಿದೆ. ನಗರದ ಆಕಾಶಕ್ಕೆಂದು ಬರೆಯುವ ನಿಯಮದಲ್ಲಿ "ಪ್ರತಿಯೊಂದು ಡ್ರೋನ್ ಸದಾಕಾಲ ಇಂಟರ್‌ನೆಟ್ ಮೂಲಕ ತನ್ನ ಸ್ಥಾನ ತಿಳಿಸುತ್ತಿರಬೇಕು" ಎಂಬ ಒಂದು ಸಾಲು ಸೇರಿಬಿಟ್ಟರೆ, ನೆಟ್‌ವರ್ಕ್ ಸಿಗದ ಹೊಲದಲ್ಲಿ ಈ ಅಕ್ಕಂದಿರು ಡ್ರೋನ್ ಪಕ್ಕದಲ್ಲಿಟ್ಟುಕೊಂಡು ಕೂರಬೇಕಾಗುತ್ತದೆ. ತಮ್ಮ ಯಾರ ದಾರಿಗೂ ನಾವು ಅಡ್ಡ ಬರುತ್ತಿಲ್ಲ ಎಂಬುದನ್ನು ದಯವಿಟ್ಟು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನೀಲಿಪಟ

ತಿಳಿಯದೆ ಕೇಳುತ್ತಿದ್ದೇನೆ. ದೊಡ್ಡ ವಿಮಾನಗಳು ತಮ್ಮ ಸ್ಥಾನವನ್ನು ಎಡಿಎಸ್-ಬಿ ಮೂಲಕ ಪ್ರಸಾರ ಮಾಡುತ್ತವೆ, ಅದನ್ನು ನಾವು ಮೊಬೈಲಿನಲ್ಲಿಯೇ ನೋಡುತ್ತೇವೆ. ಅದೇ ಉಪಕರಣವನ್ನು ಎಲ್ಲ ಡ್ರೋನ್‌ಗಳಿಗೂ ಕಡ್ಡಾಯ ಮಾಡಿದರೆ ಸಮಸ್ಯೆ ಮುಗಿಯುವುದಿಲ್ಲವೇ?

ಗೋಪುರ

ಮುಗಿಯುವುದಿಲ್ಲ, ಹೆಚ್ಚಾಗುತ್ತದೆ. ಆ ಪ್ರಸಾರ ನಡೆಯುವ 1090 ಮೆಗಾಹರ್ಟ್ಸ್ ತರಂಗಾಂತರವನ್ನೇ ರೇಡಾರ್ ಉತ್ತರಗಳೂ, ವಿಮಾನಗಳ ಘರ್ಷಣೆ ತಪ್ಪಿಸುವ ಸಾಧನವೂ ಬಳಸುತ್ತವೆ. ಒಂದು ನಗರದ ಮೇಲೆ ಸಾವಿರಾರು ಡ್ರೋನ್‌ಗಳು ಅದರಲ್ಲಿ ಮಾತನಾಡತೊಡಗಿದರೆ ಸಂತೆಯ ಗದ್ದಲದಲ್ಲಿ ಕರೆದ ಹೆಸರಿನಂತೆ ವಿಮಾನದ ಸಂದೇಶವೇ ಕೇಳದಾಗುತ್ತದೆ. ಈ ಕಾರಣಕ್ಕಾಗಿಯೇ ಅಮೆರಿಕದಲ್ಲಿ ಸಣ್ಣ ಡ್ರೋನ್‌ಗಳು ಎಡಿಎಸ್-ಬಿ ಪ್ರಸಾರ ಮಾಡುವುದನ್ನು ಸಾಮಾನ್ಯವಾಗಿ ನಿಷೇಧಿಸಲಾಗಿದೆ; ಅವು ಬ್ಲೂಟೂತ್ ಅಥವಾ ವೈಫೈ ಮೂಲಕ ಹತ್ತಿರದವರಿಗಷ್ಟೇ ಕೇಳುವಂತೆ ಗುರುತನ್ನು ಬಿತ್ತರಿಸುತ್ತವೆ. ಆದರೆ ಡ್ರೋನ್‌ಗಳು ವಿಮಾನದ ಪ್ರಸಾರವನ್ನು ಕೇಳಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಕೇಳಿಸಿಕೊಳ್ಳಲೇಬೇಕು. ಸಿಂಪಡಣೆಯವರ ಆತಂಕಕ್ಕೂ ಇದರಲ್ಲಿ ಉತ್ತರವಿದೆ, ಏಕೆಂದರೆ ಬ್ಲೂಟೂತ್ ಬಿತ್ತರಕ್ಕೆ ಮೊಬೈಲ್ ನೆಟ್‌ವರ್ಕ್ ಬೇಕಿಲ್ಲ.

ಅಂದಹಾಗೆ, ನೆಟ್‌ವರ್ಕ್ ತೊಂದರೆ ಹಳ್ಳಿಗೆ ಮಾತ್ರ ಸೀಮಿತವಲ್ಲ. ಮೊಬೈಲ್ ಗೋಪುರಗಳ ಆಂಟೆನಾಗಳು ನೆಲದ ಕಡೆಗೆ ಬಾಗಿರುತ್ತವೆ. ನೂರು ಮೀಟರ್ ಮೇಲೇರಿದ ಡ್ರೋನ್‌ಗೆ ಒಂದೇ ಸಮನೆ ಹತ್ತಾರು ಗೋಪುರಗಳು ಎದುರಾಗಿ, ಒಂದರ ಸಂಕೇತ ಇನ್ನೊಂದರ ಜೊತೆ ಕಲಸಿಹೋಗುತ್ತದೆ. ಹೆಬ್ಬಾಳ ಕೆರೆಯ ಮೇಲಿನ ಹದ್ದುಗಳಂತೂ ಯಾವ ತರಂಗಾಂತರದಲ್ಲಿಯೂ ಇಲ್ಲ. ಅವು ಡ್ರೋನ್‌ಗಳ ಮೇಲೆ ಎರಗುವುದನ್ನು ಹಾರಿಸುವವರೆಲ್ಲ ಬಲ್ಲರು.

ಡಲ್ಲಾಸ್ ಕನ್ನಡಿಗ

ಇಲ್ಲಿ ನಡೆಯುತ್ತಿರುವುದನ್ನು ತಿಳಿಸಿದರೆ ಉಪಯೋಗವಾದೀತು. 2024ರ ಜುಲೈ ಕೊನೆಯಲ್ಲಿ ಎಫ್‌ಎಎ, ಡಲ್ಲಾಸ್ ಪ್ರದೇಶದ ಒಂದೇ ಆಕಾಶದಲ್ಲಿ ಜಿಪ್‌ಲೈನ್ ಮತ್ತು ವಿಂಗ್ ಎಂಬ ಎರಡು ಪ್ರತಿಸ್ಪರ್ಧಿ ಸಂಸ್ಥೆಗಳಿಗೆ ನೆಲದ ಮೇಲೆ ವೀಕ್ಷಕರಿಲ್ಲದೆ ಕಣ್ಣಳತೆ ಮೀರಿ ಹಾರಿಸಲು ಅನುಮತಿ ನೀಡಿತು. ಇಬ್ಬರ ನಡುವೆ ನಿಯಂತ್ರಕ ಕುಳಿತಿಲ್ಲ. ಮೇಲೇಳುವ ಮೊದಲು ಪ್ರತಿಯೊಂದು ಸಂಸ್ಥೆಯ ಗಣಕವು "ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ, ಆಕಾಶದ ಈ ಭಾಗ ನನಗೆ ಬೇಕು" ಎಂದು ಇನ್ನೊಂದರ ಗಣಕಕ್ಕೆ ತಿಳಿಸುತ್ತದೆ. ಆ ಭಾಗವನ್ನು ಇನ್ನೊಬ್ಬರು ಮೊದಲೇ ಹಿಡಿದಿದ್ದರೆ ದಾರಿಯನ್ನೋ ಸಮಯವನ್ನೋ ಬದಲಿಸಿಕೊಳ್ಳುತ್ತದೆ. ಧ್ವನಿಯಲ್ಲಿ ಒಬ್ಬೊಬ್ಬರಿಗೇ ಆದೇಶ ಕೊಡುವ ಗೋಪುರದ ಪದ್ಧತಿಯಿಂದ ಇಷ್ಟು ಸಂಖ್ಯೆಯ ಹಾರಾಟವನ್ನು ನಿಭಾಯಿಸಲು ಸಾಧ್ಯವೇ ಇಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ.

ಈ ವ್ಯವಸ್ಥೆ ಬಿಡಿಸುವುದು ಡ್ರೋನ್ ಮತ್ತು ಡ್ರೋನ್ ನಡುವಿನ ಗೊಂದಲವನ್ನು ಮಾತ್ರ. ವ್ಯವಸ್ಥೆಗೆ ತನ್ನ ಯೋಜನೆಯನ್ನು ತಿಳಿಸದ ವಸ್ತು ಅದರ ಪಾಲಿಗೆ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಅರಿಜೋನಾದ ಟಾಲೆಸನ್‌ನಲ್ಲಿ ಅಮೆಜಾನ್‌ನ ಎರಡು ಡ್ರೋನ್‌ಗಳು ಒಂದರ ಹಿಂದೊಂದು ಒಂದೇ ನಿರ್ಮಾಣ ಕ್ರೇನ್‌ಗೆ ಬಡಿದವು. ಕ್ರೇನ್ ಹಾರಾಟದ ಯೋಜನೆ ಸಲ್ಲಿಸುವುದಿಲ್ಲ, ತಿರುಗುರೆಕ್ಕೆಯವರ ಆಂಬುಲೆನ್ಸ್ ಹೆಲಿಕಾಪ್ಟರ್ ಕೂಡ ಆ ಗಣಕಕ್ಕೆ ಸಲ್ಲಿಸುವುದಿಲ್ಲ. ಬೆಂಗಳೂರಿನಲ್ಲಿ ಎಷ್ಟು ಕ್ರೇನ್‌ಗಳಿವೆಯೆಂದು ಹೊರವರ್ತುಲ ರಸ್ತೆಯಲ್ಲಿ ಒಮ್ಮೆ ಓಡಾಡಿದವರಿಗೆ ಹೇಳಬೇಕಾಗಿಲ್ಲ.

ಜಿಪ್‌ಲೈನ್‌ನವರು ಡ್ರೋನ್‌ಗಳ ಮೈಮೇಲೆ ಮೈಕ್ರೊಫೋನುಗಳನ್ನು ಜೋಡಿಸಿ, ಸದ್ದಿನಿಂದಲೇ ವಿಮಾನ ಬರುವ ದಿಕ್ಕನ್ನು ತಿಳಿದು ಪಕ್ಕಕ್ಕೆ ಸರಿಯುವ ವ್ಯವಸ್ಥೆ ಮಾಡಿದ್ದಾರೆ. ಕಿವಿಯಿಲ್ಲ ಎಂದು ಆರಂಭದಲ್ಲಿ ಬರೆದವರಿಗೆ ಇದು ಅರ್ಧ ಉತ್ತರವಾದೀತು.

ಕಾನೂನು ಪುಟ (ವಕೀಲೆ)

ನಿಯಮಗಳ ಹಿನ್ನೆಲೆಯನ್ನು ಸ್ವಲ್ಪ ನೋಡಬೇಕು. 2021ರ ಜೂನ್ 27ರಂದು ಜಮ್ಮುವಿನ ವಾಯುಸೇನಾ ನೆಲೆಯ ಮೇಲೆ ಡ್ರೋನ್‌ಗಳಿಂದ ಸ್ಫೋಟಕ ಬಿತ್ತು. ಅದಾದ ಎರಡೇ ತಿಂಗಳಿಗೆ, ಅದೇ ವರ್ಷ ಮಾರ್ಚ್‌ನಲ್ಲಿ ತಂದಿದ್ದ ಬಿಗಿ ನಿಯಮಗಳನ್ನು ತೆಗೆದುಹಾಕಿ ಈಗಿನ ಉದಾರ ನಿಯಮಗಳನ್ನು ತರಲಾಯಿತು. ಇದು ಧೈರ್ಯದ ನಿರ್ಧಾರವೆಂದೇ ನಾನು ಭಾವಿಸುತ್ತೇನೆ, ಆದರೆ ಈ ಉದಾರತೆಗೆ ಒಂದು ಬೆಲೆಯಿತ್ತು. ಅನುಮತಿಯಿಲ್ಲದೆ ಮೇಲೇಳದಂತೆ ತಡೆಯುವ ತಂತ್ರಾಂಶ, ಸ್ಥಾನ ತಿಳಿಸುವ ಬೀಕನ್, ನಿಷಿದ್ಧ ಪ್ರದೇಶಕ್ಕೆ ಹೋಗದಂತೆ ಕಟ್ಟುವ ಡಿಜಿಟಲ್ ಬೇಲಿ ಈ ಮೂರನ್ನೂ ಸರ್ಕಾರ ಮುಂದೆ ಅಧಿಸೂಚಿಸಬಹುದು, ಅಧಿಸೂಚಿಸಿದ ಮೇಲೆ ಪಾಲನೆಗೆ ಕನಿಷ್ಠ ಆರು ತಿಂಗಳ ಕಾಲಾವಕಾಶವಿರಬೇಕು ಎಂದಷ್ಟೇ ನಿಯಮ ಹೇಳುತ್ತದೆ. ಅಂದರೆ ನಾವು ವಲಯಗಳ ನಕ್ಷೆಯನ್ನು ಮೊದಲು ಬಿಡಿಸಿ, ಯಾರು ಎಲ್ಲಿದ್ದಾರೆಂದು ತಿಳಿಯುವ ಸಾಧನವನ್ನು ಮುಂದಕ್ಕೆ ತಳ್ಳಿದ್ದೇವೆ.

ಡ್ರೋನ್ ಸಂಚಾರ ನಿರ್ವಹಣೆಯ ರಾಷ್ಟ್ರೀಯ ನೀತಿ ಚೌಕಟ್ಟು 2021ರ ಅಕ್ಟೋಬರ್‌ನಲ್ಲಿಯೇ ಬಂದಿದೆ. ಡಲ್ಲಾಸಿನವರು ವಿವರಿಸಿದಂಥ ಸೇವೆಯನ್ನು ಖಾಸಗಿ ಸೇವಾದಾರರು ನೀಡಬಹುದೆಂಬ ಕಲ್ಪನೆ ಅದರಲ್ಲಿದೆ. ಕಾಣಿಸಿಕೊಳ್ಳುವ ಹೊಣೆ ಯಾರದು ಎಂಬ ಪ್ರಶ್ನೆಗೆ ಯುರೋಪ್ ಬೇರೆಯೇ ಉತ್ತರ ಕೊಟ್ಟಿರುವುದನ್ನು ಇಲ್ಲಿ ಗಮನಿಸಬೇಕು. ಅಲ್ಲಿನ ಯು-ಸ್ಪೇಸ್ ನಿಯಮಗಳು 2023ರ ಜನವರಿ 26ರಿಂದ ಅನ್ವಯವಾಗುತ್ತಿವೆ. ಅವುಗಳ ಪ್ರಕಾರ ಡ್ರೋನ್‌ಗಳಿಗೆಂದು ಗುರುತಿಸಿದ, ಆದರೆ ವಾಯುಸಂಚಾರ ನಿಯಂತ್ರಣವಿಲ್ಲದ ಆಕಾಶಕ್ಕೆ ಬರುವ ಮಾನವಸಹಿತ ವಿಮಾನವೂ ತನ್ನ ಇರವನ್ನು ಇಲೆಕ್ಟ್ರಾನಿಕ್ ಆಗಿ ತಿಳಿಸಬೇಕು. ನಿಯಂತ್ರಣವಿರುವ ಆಕಾಶದಲ್ಲಿ, ವಿಮಾನ ಬರುವಾಗ ಡ್ರೋನ್‌ಗಳ ಪಾಲಿನ ಒಂದು ಭಾಗವನ್ನು ನಿಯಂತ್ರಕರು ತಾತ್ಕಾಲಿಕವಾಗಿ ಮುಚ್ಚುತ್ತಾರೆ. ತಿರುಗುರೆಕ್ಕೆಯವರೇ, ಅಮೆರಿಕದ ಕರಡಿಗೂ ಇದಕ್ಕೂ ವ್ಯತ್ಯಾಸ ದೊಡ್ಡದು: ಯುರೋಪಿನ ನಿಯಮದಲ್ಲಿ ತಮ್ಮ ದಾರಿಯ ಹಕ್ಕು ಹೋಗುವುದಿಲ್ಲ, ಮೌನವಾಗಿ ಹಾರುವ ಹಕ್ಕು ಮಾತ್ರ ಹೋಗುತ್ತದೆ.

ತಿರುಗುರೆಕ್ಕೆ

ಆ ವ್ಯತ್ಯಾಸವನ್ನು ಒಪ್ಪುತ್ತೇನೆ, ಮೇಡಂ. ಪುಟ್ಟ ಪ್ರಸಾರ ಸಾಧನವೊಂದನ್ನು ಹೊತ್ತು ಹಾರಲು ನನ್ನ ತಕರಾರಿಲ್ಲ. ಆದರೆ ಅದರ ಖರ್ಚನ್ನು ಜಕ್ಕೂರಿನಂಥ ತರಬೇತಿ ಶಾಲೆಯ ಹಳೆಯ ವಿಮಾನಗಳ ಮೇಲೂ, ಪ್ಯಾರಾಗ್ಲೈಡಿಂಗ್ ಮಾಡುವವರ ಮೇಲೂ ಹೇರಿ, ಆಕಾಶದಿಂದ ಲಾಭ ಮಾಡುವವರು ಸುಮ್ಮನಿರುವುದು ನ್ಯಾಯವಲ್ಲ. ಹೊಸದಾಗಿ ಬಂದವರು ಹಳಬರ ಸಾಧನದ ಖರ್ಚನ್ನು ಕೊಡಲಿ.

ನೀಲಿಪಟ

ಏರ್ ಟ್ಯಾಕ್ಸಿಯ ಬಗ್ಗೆ ಯಾರೂ ಮಾತನಾಡಲಿಲ್ಲ. ಬೆಂಗಳೂರಿನ ಸರಳಾ ಏವಿಯೇಷನ್ 2025ರ ಜನವರಿಯ ದೆಹಲಿಯ ಪ್ರದರ್ಶನದಲ್ಲಿ ಶೂನ್ಯ ಎಂಬ ಮಾದರಿಯನ್ನು ತೋರಿಸಿತು. ಇಂಥ ವಾಹನಗಳು ಏರಿ ಇಳಿಯುವ ತಾಣಗಳಾದ ವರ್ಟಿಪೋರ್ಟ್‌ಗಳ ಬಗ್ಗೆ ನಮ್ಮ ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ 2024ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಟ್ರಾಫಿಕ್‌ನಲ್ಲಿ ಸಿಲುಕಿದವರಿಗೆ ಇದೊಂದು ಆಸೆಯಲ್ಲವೇ?

ಹೆಬ್ಬಾಳದ ಓದುಗ

ಆಸೆಯಿರಲಿ, ಅವಸರ ಬೇಡವೆನ್ನಿಸುತ್ತದೆ. ಇಲೆಕ್ಟ್ರಾನಿಕ್ಸ್ ಸಿಟಿಯಿಂದ ವಿಮಾನ ನಿಲ್ದಾಣಕ್ಕೆ 2018ರಲ್ಲಿ ಹೆಲಿಟ್ಯಾಕ್ಸಿ ಆರಂಭವಾಗಿತ್ತು. ಅದರಿಂದ ಹೆಬ್ಬಾಳದ ಮೇಲುಸೇತುವೆಯ ದಟ್ಟಣೆ ತಗ್ಗಿದ್ದನ್ನು ನಾನಂತೂ ಕಾಣಲಿಲ್ಲ. ಒಂದೇ ಇಳಿದಾಣವಿರುವ ವರ್ಟಿಪೋರ್ಟಿನಿಂದ ಐದು ನಿಮಿಷಕ್ಕೊಂದು ಏರ್ ಟ್ಯಾಕ್ಸಿ ಹೊರಟರೂ, ತಲಾ ನಾಲ್ವರಂತೆ ಗಂಟೆಗೆ 48 ಜನ. ಒಂದು ವಾಯುವಜ್ರ ಬಸ್ಸಿನ ಜನವಷ್ಟೇ ಅದು. ಯುರೋಪಿನಲ್ಲಿ ಲಿಲಿಯಂ 2024ರ ಅಕ್ಟೋಬರ್‌ನಲ್ಲಿಯೂ, ಪ್ಯಾರಿಸ್ ಒಲಿಂಪಿಕ್ಸ್ ವೇಳೆಗೆ ಪ್ರಯಾಣಿಕರನ್ನು ಹಾರಿಸುವ ಗುರಿಯನ್ನು ಮುಟ್ಟಲಾಗದ ವೊಲೊಕಾಪ್ಟರ್ ಅದೇ ಡಿಸೆಂಬರ್‌ನಲ್ಲಿಯೂ ದಿವಾಳಿ ಪ್ರಕ್ರಿಯೆಗೆ ಹೋದವು. ಚೀನಾದ ಇಹಾಂಗ್ ಸಂಸ್ಥೆಯ ಪೈಲಟ್‌ರಹಿತ ವಾಹನಕ್ಕೆ 2023ರ ಅಕ್ಟೋಬರ್‌ನಲ್ಲಿ ಅಲ್ಲಿನ ಪ್ರಮಾಣಪತ್ರ ಸಿಕ್ಕಿರುವುದೂ ನಿಜ, ಆದ್ದರಿಂದ ಇದು ಬರಿಯ ಕನಸೆಂದು ತಳ್ಳಿಹಾಕಲಾಗದು.

ಗೋಪುರ

ಏರ್ ಟ್ಯಾಕ್ಸಿಯ ವಿಷಯದಲ್ಲಿ ನಿಯಂತ್ರಕನಿಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಬ್ಯಾಟರಿ. ರನ್‌ವೇ ಖಾಲಿಯಿಲ್ಲದಿದ್ದರೆ ವಿಮಾನಕ್ಕೆ ಸುತ್ತು ಹೊಡೆಯಲು ಹೇಳುತ್ತೇವೆ. ಅದರ ಬಳಿ ಅದಕ್ಕೆಂದೇ ಉಳಿಸಿಕೊಂಡ ಇಂಧನವಿರುತ್ತದೆ. ಹದಿನೈದು-ಇಪ್ಪತ್ತು ನಿಮಿಷಗಳ ಪ್ರಯಾಣಕ್ಕೆಂದು ಹೊರಟ ಬ್ಯಾಟರಿ ವಾಹನಕ್ಕೆ, ಅದೂ ಇಳಿಯುವಾಗಲೇ ಅತಿ ಹೆಚ್ಚು ಶಕ್ತಿ ಬೇಡುವ ವಾಹನಕ್ಕೆ, "ಇನ್ನೂ ಹದಿನೈದು ನಿಮಿಷ ಕಾಯಿರಿ" ಎನ್ನಲಾಗದು. ಆದ್ದರಿಂದ ಇಳಿಯುವ ಜಾಗ ಮತ್ತು ಹೊತ್ತು ಕಾದಿರಿಸಿದ ಮೇಲೆಯೇ ಅದು ನೆಲ ಬಿಡಬೇಕು, ಬದಲಿ ಇಳಿದಾಣವೂ ದಾರಿಯಲ್ಲಿಯೇ ಇರಬೇಕು. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವ ದಿನಗಳಲ್ಲಿ ಆಕಾಶ ಗಂಟೆಗಟ್ಟಲೆ ಮುಚ್ಚುತ್ತದೆ. ಅಂಥ ದಿನ ಈ ವಾಹನಗಳನ್ನು ಮೇಲೇಳಿಸದಿರುವುದೇ ಸರಿಯಾದ ನಿರ್ವಹಣೆ. ಗಾಳಿಯಲ್ಲಿ ಕಾಯಿಸುವ ನಮ್ಮ ಹಳೆಯ ಕಸುಬು ಇಲ್ಲಿ ಉಪಯೋಗಕ್ಕೆ ಬಾರದು.

ಬಯಲುಸೀಮೆ ಸಿಂಪಡಣೆ

ಬ್ಲೂಟೂತ್ ಬಿತ್ತರದ ಮಾತಿಗೆ ನಮ್ಮ ಒಪ್ಪಿಗೆಯಿದೆ, ಯಂತ್ರದ ಬೆಲೆ ಬಹಳ ಏರದಿದ್ದರೆ. ಹೊಲದ ಬದುವಿನೊಳಗೆ, ಮರದೆತ್ತರಕ್ಕಿಂತ ಕೆಳಗೆ ಹಾರುವ ಸಿಂಪಡಣೆ ಯಂತ್ರಕ್ಕೆ ಆಕಾಶವನ್ನು ಮುಂಚಿತವಾಗಿ ಕಾದಿರಿಸುವ ನಿಯಮ ಬೇಡವೆಂದು ಬೇರೆಯಾಗಿಯೇ ಬರೆಯಿರಿ. ವಿನಾಯಿತಿ ಎಂಬುದು ನಿಯಮದ ಒಡಲಿನಲ್ಲಿರಲಿ, ಅಧಿಕಾರಿಗಳ ವಿವೇಚನೆಗೆ ಬಿಟ್ಟರೆ ಪ್ರತಿ ಹಂಗಾಮಿಗೂ ಅಲೆಯಬೇಕಾಗುತ್ತದೆ.

ಹೆಬ್ಬಾಳದ ಓದುಗ

ಹಾಗಿದ್ದರೆ ಸಚಿವಾಲಯಕ್ಕೆ ಕಳುಹಿಸಬೇಕೆಂದಿರುವ ಟಿಪ್ಪಣಿಯಲ್ಲಿ ಮೊದಲು ಎತ್ತರದ ಆಧಾರವನ್ನು ನಿಗದಿ ಮಾಡಿ ಎಂದು ಕೇಳುತ್ತೇನೆ, ನಂತರ ನಗರಗಳ ಮೇಲೆ ಮಾತ್ರ ಎರಡೂ ಕಡೆಯವರು ಕಾಣಿಸಿಕೊಳ್ಳುವುದನ್ನು ಕಡ್ಡಾಯಗೊಳಿಸಿ ಎಂದೂ, ಹಳೆಯ ವಿಮಾನಗಳ ಸಾಧನದ ಖರ್ಚನ್ನು ವಾಣಿಜ್ಯ ಡ್ರೋನ್ ಸೇವೆಗಳ ಶುಲ್ಕದಿಂದ ಭರಿಸಿ ಎಂದೂ ಸೇರಿಸುತ್ತೇನೆ. ಸಿಂಪಡಣೆಯ ವಿನಾಯಿತಿಯೂ ಇರುತ್ತದೆ. ಒಂದು ಸಂದೇಹ ಉಳಿದಿದೆ. ಆಂಬುಲೆನ್ಸ್ ಹೆಲಿಕಾಪ್ಟರ್ ಹಠಾತ್ತಾಗಿ ಹೊರಟಾಗ ಡ್ರೋನ್‌ಗಳು ಕೆಳಗಿಳಿಯಬೇಕೇ ಅಥವಾ ಪಕ್ಕಕ್ಕೆ ಸರಿಯಬೇಕೇ?

ತಿರುಗುರೆಕ್ಕೆ

ಕೆಳಗಿಳಿಯಲಿ. ಪಕ್ಕಕ್ಕೆ ಸರಿದ ಡ್ರೋನ್ ಮುಂದೆ ಯಾವ ಕಡೆಗೆ ಹೋಗುತ್ತದೆಂದು ನನಗೆ ತಿಳಿಯದು, ನಾನು ಯಾವ ಕಡೆಗೆ ತಿರುಗುತ್ತೇನೆಂದು ಅದಕ್ಕೂ ತಿಳಿಯದು. ಇಳಿಯಲು ಜಾಗವಿಲ್ಲದ ಕಡೆ 100 ಅಡಿಯವರೆಗಾದರೂ ಕೆಳಗೆ ಬಂದು ನಿಂತಲ್ಲೇ ನಿಲ್ಲಲಿ. ಟಿಪ್ಪಣಿಯಲ್ಲಿ ಆ ಅಂಕಿಯನ್ನು ಬರೆಯುವಾಗ ನೆಲದಿಂದ 100 ಅಡಿ ಎಂದೇ ಬರೆಯಿರಿ, ಇಲ್ಲವಾದರೆ ಗೋಪುರ ಸರ್ ಮತ್ತೆ ನಂದಿಬೆಟ್ಟ ಹತ್ತಿಸುತ್ತಾರೆ.